ತಂದೆಗೊಂದು ದಿನ



ಜೂನ್ ತಿಂಗಳ ಮೂರನೆಯ ಭಾನುವಾರವನ್ನು ಅನೇಕ ದೇಶಗಳಲ್ಲಿ ತಂದೆಯರ ದಿನವೆಂದು ಆಚರಿಸುವರು. ಈಗ ಕೆಲವು ವರ್ಷಗಳಿಂದ ನಮ್ಮ ನಾಡಿನ ಪಟ್ಟಣಗಳಲ್ಲಿಯೂ ತರುಣ ತರುಣಿಯರು ಅಂದು ತಂದೆಗೆ ಶುಭಾಶಯ ಹೇಳುವುದು, ಉಡುಗೊರೆ ಕೊಡುವುದು, ತಂದೆಯ ಭಾವಚಿತ್ರವನ್ನು ಮೊಬೈಲಿನ ಮೂಲಕ ಬಂಧುಮಿತ್ರರಿಗೆ ಕಳಿಸುವುದು ರೂಢಿಯಾಗುತ್ತಿದೆ. ಇದನ್ನು ಕಂಡು ಹಿರಿಯರಲ್ಲಿ ಅನೇಕರು ನಗುವರು. "ಜನ್ಮ ಕೊಟ್ಟ ತಂದೆಗೆ ವರ್ಷಕ್ಕೊಂದೇ ದಿನವೇ? ಉಳಿದ 364 ದಿನ ಆತನು ಯಾರು?" ಎಂದು ಕೇಳುವರು. ಈ ಮಾತಿನಲ್ಲಿ ವ್ಯಂಗ್ಯವಿದೆ. ಆದರೆ ಆ ವ್ಯಂಗ್ಯದ ಕೆಳಗೆ ನಿಜವಾದ ಒಂದು ನೈತಿಕ ಪ್ರಶ್ನೆಯೂ ಅಡಗಿದೆ. ತೀರಿಸಲಾಗದ ಋಣವೊಂದನ್ನು ಗೊತ್ತುಪಡಿಸಿದ ದಿನದಲ್ಲಿ ಸ್ಮರಿಸುವುದು ಕೃತಜ್ಞತೆಯೇ, ಅಥವಾ ಕೃತಜ್ಞತೆಯಿಂದ ತಪ್ಪಿಸಿಕೊಳ್ಳುವ ಸುಲಭೋಪಾಯವೇ? ಇದನ್ನು ನಗೆಯಲ್ಲಿ ತೇಲಿಸಿಬಿಡದೆ ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಯಾವುದೇ ಆಚರಣೆಯನ್ನು ಅಳೆಯುವ ಮೊದಲು ಅದು ಹುಟ್ಟಿದ ಬಗೆಯನ್ನು ತಿಳಿಯುವುದು ಯುಕ್ತ. ತಂದೆಯರ ದಿನವನ್ನು ವ್ಯಾಪಾರಿಗಳು ಹುಟ್ಟಿಸಿದರೆಂದು ಅನೇಕರು ತಿಳಿದಿರುವರು. ಅದು ಸರಿಯಲ್ಲ. ಈ ದಿನವು ಅಮೆರಿಕ ದೇಶದ ಎರಡು ಊರುಗಳಲ್ಲಿ, ಎರಡು ದುಃಖಗಳ ಒಡಲಿನಿಂದ ಹುಟ್ಟಿತು.

1907ರ ಡಿಸೆಂಬರ್ 6ರಂದು ಪಶ್ಚಿಮ ವರ್ಜೀನಿಯಾ ರಾಜ್ಯದ ಮೊನೊಂಗಾ ಎಂಬಲ್ಲಿ ಕಲ್ಲಿದ್ದಲ ಗಣಿಗಳು ಸ್ಫೋಟಗೊಂಡವು. ಸರ್ಕಾರದ ಲೆಕ್ಕದ ಪ್ರಕಾರ 362 ಮಂದಿ ನೆಲದೊಳಗೇ ಪ್ರಾಣಬಿಟ್ಟರು. ಅವರಲ್ಲಿ ಬಹಳ ಜನರು ಇಟಲಿ ಮೊದಲಾದ ದೂರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ಒಂದೇ ದಿನದಲ್ಲಿ ಸಾವಿರದಷ್ಟು ಮಕ್ಕಳು ತಂದೆಯಿಲ್ಲದವರಾದರು. ಸಮೀಪದ ಫೇರ್‌ಮಾಂಟ್ ಪಟ್ಟಣದಲ್ಲಿದ್ದ ಗ್ರೇಸ್ ಗೋಲ್ಡನ್ ಕ್ಲೇಟನ್ ಎಂಬ ಮಹಿಳೆ ತನ್ನ ತಂದೆಯನ್ನು ಹಿಂದೆಯೇ ಕಳೆದುಕೊಂಡವಳು. ಈ ಮಕ್ಕಳ ದುಃಖವನ್ನು ಕಂಡು, ತೀರಿಹೋದ ತಂದೆಯರ ಸ್ಮರಣೆಗಾಗಿ ಪ್ರಾರ್ಥನೆಯೊಂದನ್ನು ನಡೆಸಬೇಕೆಂದು ತನ್ನ ಚರ್ಚಿನ ಗುರುಗಳನ್ನು ಬೇಡಿಕೊಂಡಳು. ಅದರಂತೆ 1908ರ ಜುಲೈ 5ರಂದು ಪ್ರಾರ್ಥನೆ ನಡೆಯಿತು. ಆದರೆ ಹಿಂದಿನ ದಿನವೇ ಆ ದೇಶದ ಸ್ವಾತಂತ್ರ್ಯೋತ್ಸವವಿದ್ದುದರಿಂದ ಆ ಗದ್ದಲದಲ್ಲಿ ಇದು ಮರೆತುಹೋಯಿತು. ಮರುವರ್ಷ ಅದನ್ನು ಯಾರೂ ಮುಂದುವರಿಸಲಿಲ್ಲ.

ಎರಡನೆಯದು ಅದೇ ದೇಶದ ಪಶ್ಚಿಮದ ಅಂಚಿಗಿರುವ ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್ ಪಟ್ಟಣದ ಸಂಗತಿ. ವಿಲಿಯಂ ಜಾಕ್ಸನ್ ಸ್ಮಾರ್ಟ್ ಎಂಬಾತನು ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದು ಬಳಿಕ ಒಕ್ಕಲುತನ ಮಾಡಿಕೊಂಡಿದ್ದವನು. 1898ರಲ್ಲಿ ಆತನ ಪತ್ನಿಯು ಹೆರಿಗೆಯಲ್ಲಿ ತೀರಿಕೊಂಡಳು. ಮಗಳು ಸೊನೋರಾಗೆ ಆಗ 16 ವರ್ಷ. ಅವಳ ಹಿಂದೆ ಐವರು ತಮ್ಮಂದಿರು. ಆ ಆರು ಮಕ್ಕಳನ್ನು ತಂದೆಯೇ ನಿಂತು ಸಾಕಿದನು. 1909ರಲ್ಲಿ ತಾಯಂದಿರ ದಿನದ ಉಪದೇಶವನ್ನು ಚರ್ಚಿನಲ್ಲಿ ಕೇಳುತ್ತ ಕುಳಿತಿದ್ದ ಸೊನೋರಾ ಸ್ಮಾರ್ಟ್ ಡಾಡ್‌ಗೆ, ತಾಯಿಯ ಕೆಲಸವನ್ನೂ ಮಾಡಿದ ತನ್ನ ತಂದೆಗೆ ಇಂಥದೊಂದು ಗೌರವ ಏಕಿಲ್ಲವೆಂಬ ಯೋಚನೆ ಬಂದಿತು. ತಂದೆಯ ಜನ್ಮದಿನವಾದ ಜೂನ್ 5ರಂದೇ ಆಚರಣೆಯಾಗಲೆಂದು ಅವಳು ಕೇಳಿದಳು. ಉಪದೇಶವನ್ನು ಸಿದ್ಧಪಡಿಸಲು ಗುರುಗಳಿಗೆ ಇನ್ನಷ್ಟು ಕಾಲ ಬೇಕಾದುದರಿಂದ ಅದು 1910ರ ಜೂನ್ 19ಕ್ಕೆ, ಅಂದರೆ ಆ ತಿಂಗಳ ಮೂರನೆಯ ಭಾನುವಾರಕ್ಕೆ ನಿಂತಿತು. ಬದುಕಿರುವ ತಂದೆಗಾಗಿ ಕೆಂಪು ಗುಲಾಬಿಯನ್ನೂ ತೀರಿಕೊಂಡ ತಂದೆಗಾಗಿ ಬಿಳಿಯ ಗುಲಾಬಿಯನ್ನೂ ಧರಿಸುವ ಪದ್ಧತಿ ಆಗ ಬಂದಿತು.

ಓದುಗರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೊನೊಂಗಾದ ತಂದೆಯರು ಮನೆಯವರ ಕಣ್ಣಿಗೆ ಕಾಣದ ಕತ್ತಲಲ್ಲಿ ದುಡಿದು ಅಲ್ಲಿಯೇ ಮಡಿದವರು. ಸ್ಪೋಕ್ಯಾನ್‌ನ ತಂದೆ ಮನೆಯೊಳಗೇ ನಿಂತು ಮಕ್ಕಳನ್ನು ಎತ್ತಿ ಬೆಳೆಸಿದವನು. ಒಬ್ಬರ ಪ್ರೀತಿ ದೂರದಲ್ಲಿ ನಡೆಯಿತು, ಇನ್ನೊಬ್ಬನದು ಹತ್ತಿರದಲ್ಲಿ. ಎರಡಕ್ಕೂ ಸಲ್ಲಬೇಕಾದ ಮಾತು ಸಲ್ಲದೆ ಉಳಿದಿದೆಯೆಂಬ ಕೊರಗಿನಿಂದ ಈ ದಿನವು ಹುಟ್ಟಿತು. ಇದನ್ನು ಕೇಳಿದವರಿಬ್ಬರೂ ಹೆಣ್ಣುಮಕ್ಕಳೆಂಬುದೂ ಸ್ಮರಣೀಯ.

ಆಮೇಲಿನ ಇತಿಹಾಸವು ಅಷ್ಟು ನಿರ್ಮಲವಾದುದಲ್ಲ. ತಾಯಂದಿರ ದಿನಕ್ಕೆ 1914ರಲ್ಲಿಯೇ ಅಮೆರಿಕ ಸರ್ಕಾರದ ಮನ್ನಣೆ ದೊರೆಯಿತು. ತಂದೆಯರ ದಿನವನ್ನು 1924ರಲ್ಲಿ ಅಧ್ಯಕ್ಷ ಕೂಲಿಡ್ಜ್ ಅನುಮೋದಿಸಿದರೂ, ಅಧ್ಯಕ್ಷ ಜಾನ್ಸನ್ನರ ಘೋಷಣೆ ಬಂದುದು 1966ರಲ್ಲಿ. ನಿಕ್ಸನ್ನರ ಕಾಲದಲ್ಲಿ ಅದು ಶಾಶ್ವತ ಕಾನೂನಾದುದು 1972ರಲ್ಲಿ. ಇಷ್ಟು ವಿಳಂಬಕ್ಕೆ ಗಂಡಸರ ಅಸಡ್ಡೆಯೂ ಒಂದು ಕಾರಣವಾಗಿತ್ತು. ಹೂವು, ಉಡುಗೊರೆ ಇವೆಲ್ಲ ತಮಗೆ ಒಪ್ಪುವ ವಸ್ತುಗಳಲ್ಲವೆಂದು ಅವರು ತಿಳಿದಿದ್ದರು. ಮಕ್ಕಳು ತರುವ ಉಡುಗೊರೆಯ ಹಣವೂ ತಮ್ಮ ಜೇಬಿನಿಂದಲೇ ಹೋಗುವುದೆಂದು ಹಾಸ್ಯ ಮಾಡುತ್ತಿದ್ದರು. 1930ರ ದಶಕದಲ್ಲಿ ಉಡುಪಿನ ವ್ಯಾಪಾರಿಗಳು ಈ ದಿನದ ಬೆನ್ನಿಗೆ ನಿಂತರು; ಕೊರಳಪಟ್ಟಿ, ಧೂಮಪಾನದ ಕೊಳವೆಗಳು ತಂದೆಗೆ ತಕ್ಕ ಕಾಣಿಕೆಗಳೆಂದು ಪ್ರಚಾರವಾಯಿತು. ಸೊನೋರಾ ಇದನ್ನು ವಿರೋಧಿಸಲಿಲ್ಲ. ತಾಯಂದಿರ ದಿನವನ್ನು ಆರಂಭಿಸಿದ ಆನಾ ಜಾರ್ವಿಸ್ ಮಾತ್ರ, ತಾನು ಹುಟ್ಟಿಸಿದ ದಿನವನ್ನು ಹೂವಿನ ಅಂಗಡಿಯವರೂ ಶುಭಾಶಯ ಪತ್ರದವರೂ ಕಬಳಿಸಿದರೆಂದು ನೊಂದು, ಅದರ ವಿರುದ್ಧವೇ ಹೋರಾಡುತ್ತ 1948ರಲ್ಲಿ ತೀರಿಕೊಂಡಳು. ಒಳ್ಳೆಯ ಭಾವನೆಯೊಂದಕ್ಕೆ ದಿನ ಗೊತ್ತುಮಾಡಿದೊಡನೆ ಪೇಟೆಯು ಬಂದು ಬಾಗಿಲಲ್ಲಿ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಹಿರಿಯರ ನಗೆಯೇ ಸರಿಯಲ್ಲವೇ? ಅವರ ಪಕ್ಷವನ್ನು ಇನ್ನೂ ಬಲವಾಗಿಯೇ ಮಂಡಿಸೋಣ. ಗ್ರೀಕ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಗ್ರಂಥದ ಎಂಟನೆಯ ಭಾಗದಲ್ಲಿ, ದೇವತೆಗಳಿಗೂ ತಂದೆತಾಯಿಗಳಿಗೂ ಸಲ್ಲಬೇಕಾದುದನ್ನು ಪೂರ್ತಿಯಾಗಿ ಸಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ, ತನ್ನ ಶಕ್ತಿಗೆ ತಕ್ಕಷ್ಟು ಸಲ್ಲಿಸುವವನೇ ಒಳ್ಳೆಯವನು ಎಂಬರ್ಥದ ಮಾತನ್ನು ಹೇಳಿರುವನು. ನಮ್ಮ ದೇಶದ ಪ್ರಾಚೀನ ವಾಙ್ಮಯವೂ ಇದನ್ನೇ ಬೇರೆ ರೀತಿಯಲ್ಲಿ ಹೇಳುವುದು. ಇರುವವನೆಲ್ಲನೂ ಋಣಿಯಾಗಿಯೇ ಹುಟ್ಟುವನೆಂದು ಶತಪಥ ಬ್ರಾಹ್ಮಣವು ಹೇಳಿ, ದೇವತೆಗಳು, ಋಷಿಗಳು, ಪಿತೃಗಳು, ಮನುಷ್ಯರು ಎಂಬ ನಾಲ್ವರ ಋಣವನ್ನು ಎಣಿಸುವುದು. ಗುರುಕುಲದಿಂದ ಹೊರಡುವ ಶಿಷ್ಯನಿಗೆ ತಾಯಿ, ತಂದೆ, ಆಚಾರ್ಯ, ಅತಿಥಿ ಇವರನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯ ಉಪನಿಷತ್ತು ಬೋಧಿಸುವುದು. ಅಲ್ಲಿ ವರ್ಷಕ್ಕೊಮ್ಮೆ ಕಾಣು ಎಂಬ ಮಾತಿಲ್ಲ. ಜೀವಮಾನದ ಋಣಕ್ಕೆ ಒಂದು ಭಾನುವಾರದ ಕಾಣಿಕೆಯನ್ನು ಸಂದಾಯ ಮಾಡಿ ರಸೀದಿ ಪಡೆದವರಂತೆ ಸೋಮವಾರದಿಂದ ನಿಶ್ಚಿಂತರಾಗುವುದಾದರೆ, ಅಂಥ ದಿನ ಇಲ್ಲದಿರುವುದೇ ಲೇಸು.

ಆದರೆ ಈ ವಾದದಲ್ಲಿ ಒಂದು ದೋಷವಿದೆ. ದಿನವನ್ನು ಗೊತ್ತುಮಾಡದವರು 365 ದಿನವೂ ತಂದೆಯನ್ನು ನೆನೆಯುತ್ತಿರುವರೆಂದು ಅದು ಭಾವಿಸಿಕೊಂಡಿದೆ. ನಿಜಸ್ಥಿತಿ ಹಾಗಿದೆಯೇ? ಪ್ರತಿದಿನ ಇರುವುದು ಪ್ರತಿದಿನ ಕಾಣುವುದೆಂದಲ್ಲ. ದಿನವೂ ಇರುವುದರಿಂದಲೇ ಅದು ಕಾಣದಾಗುವುದು. ಮನೆಯ ತೊಲೆಯನ್ನು ಯಾರೂ ದಿನವೂ ನೋಡುವುದಿಲ್ಲ. ಗೆದ್ದಲು ಹತ್ತಿದ ಮೇಲೆ ತಲೆಯೆತ್ತಿ ನೋಡುವರು. ಎಲ್ಲ ದಿನಗಳೂ ತಂದೆಯವೇ ಎಂಬ ಮಾತು ಎಷ್ಟೋ ಮನೆಗಳಲ್ಲಿ ಯಾವ ದಿನವೂ ಆತನದಲ್ಲವೆಂಬುದಕ್ಕೆ ಹೊದಿಸಿದ ಶಾಲಾಗಿರುವುದು.

ಅದರಲ್ಲಿಯೂ ತಂದೆಯ ವಿಷಯದಲ್ಲಿ ಈ ಕಾಣದಿರುವಿಕೆಯು ಹೆಚ್ಚು. ತಾಯಿಯ ದುಡಿಮೆಗೂ ತಕ್ಕ ಮನ್ನಣೆ ಸಿಗುತ್ತಿಲ್ಲ, ಅದು ಬೇರೆ ಮಾತು. ಆದರೆ ಅವಳು ಉಣಿಸುವುದು, ತೊಳೆಯುವುದು, ತಟ್ಟಿ ಮಲಗಿಸುವುದು ಮಗುವಿನ ಕಣ್ಣೆದುರಿಗೆ ನಡೆಯುವುದು. ತಂದೆಯ ದುಡಿಮೆಯ ಬಹುಭಾಗ ಮಗುವಿನ ಕಣ್ಣಿನಾಚೆ ಸಾಗುವುದು. ನಡುರಾತ್ರಿ ಕರೆಂಟು ಬಂದಾಗ ಎದ್ದು ಕಂದೀಲಿನ ಬೆಳಕಿನಲ್ಲಿ ಹೊಲಕ್ಕೆ ನೀರು ಕಟ್ಟುವವನನ್ನು ಮಲಗಿದ ಮಗು ನೋಡದು. ಬಸ್ಸನ್ನು ದೂರದ ಹಳ್ಳಿಗೆ ಒಯ್ದು ಅಲ್ಲಿಯೇ ರಾತ್ರಿ ಕಳೆಯುವ ಚಾಲಕನನ್ನು ಮಗು ನೋಡದು. ದುಡಿಯಲು ಗೋವೆಗೋ ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋದವನು ಮಗುವಿನ ಪಾಲಿಗೆ ಒಂದು ಧ್ವನಿ ಮಾತ್ರ. ತಂದೆಯ ಪ್ರೀತಿಯು ಮಗುವಿಗೆ ಅನೇಕ ವೇಳೆ ಗೈರುಹಾಜರಿಯ ರೂಪದಲ್ಲಿ ತಲಪುವುದು. ಗೈರುಹಾಜರಿಯನ್ನು ಪ್ರೀತಿಯೆಂದು ಓದಲು ಯಾವ ಮಗುವಿಗೂ ತಾನಾಗಿ ಬಾರದು.

ಮಠದ ಪ್ರಸಾದನಿಲಯಗಳಲ್ಲಿ ಇದ್ದು ಓದಿದ ಹಿರಿಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಅನೇಕರನ್ನು ತಂದೆಯೇ ತಗಡಿನ ಟ್ರಂಕು ಹೊತ್ತು ತಂದು ಇಲ್ಲಿ ಬಿಟ್ಟುಹೋದರು. ಗುರುಗಳಿಗೆ ನಮಸ್ಕರಿಸಿ, "ಚೆನ್ನಾಗಿ ಓದಪ್ಪಾ" ಎಂಬ ಒಂದು ಮಾತು ಹೇಳಿ ಹೊರಟವರು ಹಿಂದಿರುಗಿ ನೋಡಲಿಲ್ಲ. ಅಂದು ನಿಮಗೆ ಅದು ಕಠಿಣ ಹೃದಯವೆನಿಸಿರಬಹುದು. ಊರಿಗೆ ಹೋಗುವ ಬಸ್ಸಿನ ದುಡ್ಡನ್ನು ನಿಮ್ಮ ಕೈಗಿತ್ತು ಎಷ್ಟು ಮಂದಿ ತಂದೆಯರು ನಡೆದೇ ಹೋದರೋ, ನಿಮ್ಮ ಮುಂದಿನ ಓದಿಗಾಗಿ ಎಷ್ಟು ಹೊಲಗಳ ಪಹಣಿಗೆ ಸಾಲದ ಹೆಸರು ಏರಿತೋ, ಆ ಲೆಕ್ಕವನ್ನು ಬಹಳ ಮಕ್ಕಳು ಕೇಳಲಿಲ್ಲ. ಬಹಳ ತಂದೆಯರು ಹೇಳಲೂ ಇಲ್ಲ.

ಆದುದರಿಂದ ನಾವು ಹೇಳಬಯಸುವ ಒಂದು ಮಾತು ಇದು: ತಂದೆಗೆ ಸಲ್ಲುವ ಕೃತಜ್ಞತೆಯ ಮೊದಲನೆಯ ಅಂಗ ಕಾಣಿಕೆಯಲ್ಲ, ಅರಿವು. ಕೃತಜ್ಞತೆ ಎಂಬ ಪದವೇ ಅದನ್ನು ಸಾರುತ್ತಿದೆ. ಕೃತವನ್ನು, ಎಂದರೆ ನಮಗಾಗಿ ಮಾಡಿದುದನ್ನು ಬಲ್ಲವನು ಕೃತಜ್ಞ. ಮಾಡಿದುದನ್ನು ತಿಳಿಯದೆ ಸಲ್ಲಿಸುವ ವಂದನೆಯು ವಿಳಾಸವಿಲ್ಲದ ಪತ್ರದಂತೆ. ಗೊತ್ತುಪಡಿಸಿದ ದಿನವೊಂದು ಈ ಅರಿವಿಗೆ ಅವಕಾಶ ಕೊಡುವುದಾದರೆ ಅದು ಸಾರ್ಥಕ. ಕೊಡದಿದ್ದರೆ ಅದು ಅಂಗಡಿಯವರ ಹಬ್ಬ.

ಅರಿವಿಲ್ಲದ ಪೋಷಣೆಯೂ ಸಾಲದು. ಚೀನದೇಶದ ಕನ್‌ಫ್ಯೂಷಿಯಸ್ ಮಹಾಶಯನನ್ನು ಶಿಷ್ಯನೊಬ್ಬನು ಪಿತೃಭಕ್ತಿಯೆಂದರೇನೆಂದು ಕೇಳಿದಾಗ, ಜನರು ತಂದೆತಾಯಿಗಳಿಗೆ ಅನ್ನ ಹಾಕುವುದನ್ನೇ ಪಿತೃಭಕ್ತಿಯೆನ್ನುವರು, ನಾಯಿ ಕುದುರೆಗಳಿಗೂ ಮೇವು ಹಾಕುವುದುಂಟಲ್ಲವೇ, ಗೌರವವಿಲ್ಲದಿದ್ದರೆ ವ್ಯತ್ಯಾಸವೇನು ಎಂಬರ್ಥದ ಉತ್ತರ ಕೊಟ್ಟನು. ನಮ್ಮ ಕಾಲದಲ್ಲಿಯಾದರೋ ಆ ಅನ್ನದ ವಿಷಯವೂ ನ್ಯಾಯಾಧಿಕರಣದ ಮೆಟ್ಟಿಲೇರಿದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ನಮ್ಮ ಸಂಸತ್ತು 2007ರಲ್ಲಿ ಒಂದು ಅಧಿನಿಯಮವನ್ನೇ ಮಾಡಬೇಕಾಯಿತು. ಸಾಕದ ಮಕ್ಕಳಿಂದ ತಂದೆತಾಯಿಗಳು ಜೀವನಾಂಶ ಕೇಳಬಹುದು. ಅಧಿನಿಯಮವು ಅದರ ಗರಿಷ್ಠ ಮಿತಿಯನ್ನು ತಿಂಗಳಿಗೆ 10,000 ರೂಪಾಯಿಗಳೆಂದು ಇರಿಸಿತು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಯಿಸಿಕೊಂಡು ಬಳಿಕ ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದೆಂದು ಅದರ 23ನೆಯ ಕಲಮು ಹೇಳುವುದು. ಇಂಥ ಕಾನೂನು ಬೇಕಾಗಿತ್ತು. ಅದು ಎಷ್ಟೋ ವೃದ್ಧರಿಗೆ ಊರುಗೋಲಾಗಿದೆ. ಆದರೆ ಜೀವನಾಂಶವನ್ನು ವಿಧಿಸಬಲ್ಲ ಕಾನೂನು ತಂದೆಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳೆಂದು ಮಗನಿಗೆ ವಿಧಿಸಲಾರದು. ಕಾನೂನಿನ ಕೈ ನಿಂತ ಎಡೆಯಿಂದ ಧರ್ಮದ ಕೆಲಸ ಆರಂಭವಾಗುವುದು.

ಇಲ್ಲಿ ಕೆಲವು ಓದುಗರು ಮೌನವಾಗಿಯೇ ಒಂದು ಆಕ್ಷೇಪವನ್ನು ಎತ್ತುತ್ತಿರಬಹುದು. "ನೀವು ಹೇಳುವುದು ಒಳ್ಳೆಯ ತಂದೆಯ ಮಾತಾಯಿತು. ಕುಡಿದು ಬಂದು ತಾಯಿಯನ್ನು ಹೊಡೆದವನು, ಮಕ್ಕಳನ್ನು ಬಿಟ್ಟುಹೋದವನು, ಒಂದು ದಿನವೂ ಮೃದುವಾದ ಮಾತನ್ನಾಡದವನು, ಇಂಥ ತಂದೆಗೂ ದಿನವೇ?" ಈ ಪ್ರಶ್ನೆಯನ್ನು ಕೇಳುವವರ ನೋವು ದೊಡ್ಡದು; ಅವರಿಗೆ ತಂದೆಯೇ ದೇವರೆಂಬ ಸಿದ್ಧವಾಕ್ಯವನ್ನು ಹೇಳಿ ಬಾಯಿ ಮುಚ್ಚಿಸುವುದು ಧರ್ಮವಲ್ಲ. ನಾವು ಕಠೋಪನಿಷತ್ತಿನ ನಚಿಕೇತನನ್ನು ಅವರ ಮುಂದಿಡುವೆವು. ತಂದೆಯು ಮುದಿಯಾಗಿ ಬತ್ತಿದ ಹಸುಗಳನ್ನು ದಾನ ಕೊಡುತ್ತಿದ್ದಾಗ ಆ ಬಾಲಕನು ಸುಮ್ಮನಿರಲಿಲ್ಲ. ನನ್ನನ್ನು ಯಾರಿಗೆ ಕೊಡುವೆ ಎಂದು ಮೂರು ಸಲ ಕೇಳಿದನು. ಸಿಟ್ಟಿಗೆದ್ದ ತಂದೆಯು ಅವನನ್ನು ಮೃತ್ಯುವಿಗೇ ಕೊಟ್ಟನು. ಮಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಮತ್ತೇನಿದೆ? ಆದರೂ ಯಮನು ಮೂರು ವರಗಳನ್ನು ಕೊಡುವೆನೆಂದಾಗ ಅವನು ಮೊದಲು ಕೇಳಿದುದು ತಂದೆಯ ಮನಸ್ಸು ಶಾಂತವಾಗಲಿ, ನಾನು ಹಿಂದಿರುಗಿದಾಗ ಆತನು ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂಬುದನ್ನು. ತಂದೆಯ ತಪ್ಪನ್ನು ಒಪ್ಪೆಂದು ಅವನು ಕರೆಯಲಿಲ್ಲ. ತಂದೆಯ ಕೋಪವನ್ನು ತನ್ನೊಳಗೆ ಹೊತ್ತು ನಡೆಯಲೂ ಇಲ್ಲ. ಗೌರವವೆಂದರೆ ವಿಧೇಯತೆಯೇ ಆಗಬೇಕಿಲ್ಲ, ಪ್ರಶ್ನಿಸುವುದು ದ್ರೋಹವಾಗಬೇಕಿಲ್ಲ. ಎಲ್ಲರಿಗೂ ಈ ಎತ್ತರ ಸಾಧ್ಯವಾಗದು. ಹಿಂಸೆಯಿಂದ ದೂರ ಸರಿದ ಮಗನನ್ನಾಗಲಿ ಮಗಳನ್ನಾಗಲಿ ಯಾರೂ ದೂಷಿಸಲಾಗದು. ಅಂಥವರು ಆ ದಿನ ತಮ್ಮನ್ನು ನಿಜವಾಗಿ ಸಾಕಿದವರನ್ನು, ತಾಯಿಯನ್ನೋ ಅಜ್ಜನನ್ನೋ ಸೋದರಮಾವನನ್ನೋ ಶಾಲೆಯ ಮಾಸ್ತರನ್ನೋ ನೆನೆದರೆ ಅದೂ ಪಿತೃಸ್ಮರಣೆಯೇ ಸರಿ.

ಇನ್ನು ತಂದೆಯರಿಗೂ ಒಂದು ಮಾತು ಹೇಳಬೇಕಾಗಿದೆ. ಗೌರವದ ದಿನವು ಗೌರವ ಪಡೆಯುವವನನ್ನೂ ವಿಚಾರಿಸುವುದು. ಜರ್ಮನಿಯ ದಾರ್ಶನಿಕ ಕಾಂಟನು, ಮಗುವನ್ನು ಅದರ ಒಪ್ಪಿಗೆ ಕೇಳದೆ ಈ ಲೋಕಕ್ಕೆ ತಂದವರು ನಾವಾದುದರಿಂದ, ಅದಕ್ಕೆ ಈ ಇರವು ಹಿತವಾಗುವಂತೆ ನೋಡಿಕೊಳ್ಳುವ ಹೊಣೆ ನಮ್ಮದೆಂಬ ಅರ್ಥದಲ್ಲಿ ಬರೆದಿರುವನು. ಇದು ಒಪ್ಪತಕ್ಕ ವಿಚಾರ. ಋಣದ ಲೆಕ್ಕವನ್ನು ಮಗನ ಮುಂದೆ ಬಿಚ್ಚಿಟ್ಟು, ನಿನಗಾಗಿ ಇಷ್ಟು ಖರ್ಚು ಮಾಡಿದೆನೆಂದು ಎಣಿಸುವ ತಂದೆಯು ಕೊಟ್ಟುದನ್ನು ಸಾಲವಾಗಿ ಮಾರ್ಪಡಿಸುವನು. ಕಷ್ಟವನ್ನು ಹೇಳಿಕೊಳ್ಳುವುದು ಬೇರೆ, ಅದನ್ನು ಬಾಕಿಯಾಗಿ ಕೇಳುವುದು ಬೇರೆ. ಮೊದಲನೆಯದನ್ನು ತಂದೆಯರು ಮಾಡಬೇಕು. ಮೌನವೇ ಗಂಡಸಿನ ಭೂಷಣವೆಂದು ನಂಬಿ, ತಮ್ಮ ಬದುಕಿನ ಕಥೆಯನ್ನು ಮಕ್ಕಳಿಗೆ ತಿಳಿಯಗೊಡದೆ ಹೋಗಬಾರದು. ಸ್ಪೋಕ್ಯಾನ್‌ನ ಆ ಒಕ್ಕಲಿಗನ ಮಗಳು ತಂದೆಯನ್ನು ಕೊಂಡಾಡಿದುದು ಆತನು ಗಳಿಸಿದ ಹಣಕ್ಕಾಗಿ ಆಗಿರಲಿಲ್ಲ, ಮನೆಯೊಳಗೆ ಆತನು ನಿಂತುದಕ್ಕಾಗಿ ಎಂಬುದನ್ನು ಇಂದಿನ ತಂದೆಯರು ಮರೆಯದಿರಲಿ. ತೊಟ್ಟಿಲು ತೂಗಿದರೆ ಗಂಡಸುತನಕ್ಕೆ ಕೊರತೆಯಿಲ್ಲ.

ಹಾಗಾದರೆ ತೀರಿಸಲಾಗದ ಈ ಋಣದ ಗತಿಯೇನು? ಪಿತೃಋಣವು ಸಂತಾನದಿಂದ ತೀರುವುದೆಂದು ಪ್ರಾಚೀನರು ಹೇಳಿದರು. ಇದನ್ನು ಮಕ್ಕಳನ್ನು ಹೆತ್ತರೆ ಸಾಕೆಂದು ತಿಳಿಯುವುದು ಸ್ಥೂಲವಾದ ಅರ್ಥ. ಪಡೆದುದನ್ನು ಮುಂದಿನವರಿಗೆ ದಾಟಿಸಬೇಕೆಂಬುದು ಅದರ ಸೂಕ್ಷ್ಮಾರ್ಥವೆಂದು ನಾವು ಭಾವಿಸುವೆವು. ಮಕ್ಕಳಿಲ್ಲದವನೂ ಬಡವನ ಮಗುವೊಂದನ್ನು ಓದಿಸಿ ಈ ಋಣವನ್ನು ಸಲ್ಲಿಸಬಲ್ಲನು. ನಮ್ಮ ಕನ್ನಡ ನುಡಿಯು ಇದನ್ನು ಯಾವ ಶಾಸ್ತ್ರದ ಸಹಾಯವಿಲ್ಲದೆ ಬಲ್ಲದು. ಮಗನು ತಂದೆಯನ್ನು "ಅಪ್ಪಾ" ಎಂದು ಕರೆಯುವನು. ತಂದೆಯೂ ಮಗನನ್ನು "ಬಾರಪ್ಪಾ, ಉಣ್ಣಪ್ಪಾ" ಎಂದೇ ಕರೆಯುವನು. ತಾಯಿ ಮಗಳನ್ನು "ಅಮ್ಮಾ" ಎನ್ನುವುದೂ ಹೀಗೆಯೇ. ಹಿರಿಯರಿಗೆ ಸಲ್ಲುವ ಹೆಸರನ್ನು ಕಿರಿಯರ ಮೇಲಿಟ್ಟು, ನಾಳೆ ಈ ಭಾರ ನಿನ್ನದೆಂದು ನುಡಿಯೇ ಮೆಲ್ಲನೆ ಕಲಿಸುತ್ತಿದೆ.

ಕೊನೆಯದಾಗಿ ಆಚರಣೆಯ ಮಾತು. ಜೂನ್ ತಿಂಗಳ ಆ ಭಾನುವಾರವೇ ಆಗಬೇಕೆಂಬ ಹಟ ನಮಗಿಲ್ಲ. ತಂದೆಯ ಹುಟ್ಟಿದ ದಿನವಾದೀತು, ಬಿತ್ತನೆ ಮುಗಿದ ಒಂದು ಸಂಜೆಯಾದೀತು. ಯಾವ ದಿನವನ್ನು ಆರಿಸಿಕೊಂಡರೂ ಅಂದು ಅಂಗಡಿಗೆ ಹೋಗುವ ಮೊದಲು ತಂದೆಯ ಬಳಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿರಿ. ನನ್ನ ವಯಸ್ಸಿನಲ್ಲಿ ನೀವು ಏನಾಗಬೇಕೆಂದಿದ್ದಿರಿ? ನಮ್ಮನ್ನು ಸಾಕುವಾಗ ನೀವು ಯಾವುದಕ್ಕೆ ಹೆದರಿದ್ದಿರಿ? ಈಗ ನಿಮಗೆ ಏನು ಬೇಕಾಗಿದೆ? ಉತ್ತರ ಒಡನೆ ಬಾರದು. ಬಹುಶಃ "ಏನಿಲ್ಲಪ್ಪಾ, ಎಲ್ಲ ಚೆನ್ನಾಗಿದೆ" ಎಂದುಬಿಡುವರು. ಆಗ ಎದ್ದು ಬಾರದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿರಿ. ದೂರದೂರಿನಲ್ಲಿರುವವರು ಸಂದೇಶ ಕಳಿಸಿ ಮುಗಿಸದೆ, ಫೋನಿನಲ್ಲಿ ಧ್ವನಿ ಕೇಳಿಸಿ ಮಾತನಾಡಿರಿ. ತಂದೆಯ ಕಿವಿ ಮಂದವಾಗಿದ್ದರೆ ಬೇಸರಿಸದೆ ಇನ್ನೊಮ್ಮೆ ಹೇಳಿರಿ. ತಂದೆಯನ್ನು ಕಳೆದುಕೊಂಡವರು ಆತನನ್ನು ಬಲ್ಲ ಹಿರಿಯರೊಬ್ಬರನ್ನು ಹುಡುಕಿ, ತಾವು ಕೇಳದೆ ಉಳಿದುದನ್ನು ಅವರಿಂದ ಕೇಳಿ ತಿಳಿಯಲಿ. ಹೀಗೆ ಒಂದು ದಿನ ಅರಿತುದು ಮರುದಿನದ ನಡೆಯಲ್ಲಿ ಸ್ವಲ್ಪವಾದರೂ ಉಳಿದರೆ, "ತಂದೆಗೂ ಒಂದು ದಿನವೇ?" ಎಂಬ ಹಿರಿಯರ ಪ್ರಶ್ನೆಗೆ ಬೇರೆ ಉತ್ತರ ಬೇಕಾಗದು.